ಲೋ ಮಾಡಿಸಿದ ಕಾರಿಗೆ ಅಲೈನ್‌ಮೆಂಟ್: ಪರದೆ ಹಸಿರಾದರೆ ಸಾಲದು

ಟೈರ್ ಅಂಗಡಿಯ ಮುಂದೆ ಒಟ್ಟಿದ ಹಳೆ ಟೈರುಗಳನ್ನು ಒಮ್ಮೆ ನೋಡಿ. ಒಳಅಂಚು ತಂತಿ ಕಾಣುವಷ್ಟು ಸವೆದು ಉಳಿದ ಮೈಯೆಲ್ಲ ಹೊಸದರಂತಿರುವ ಟೈರು ಸಿಕ್ಕರೆ, ಅದು ಬಹುಪಾಲು ಲೋ ಮಾಡಿಸಿದ, ಅಂದರೆ ಸ್ಪ್ರಿಂಗ್ ಬದಲಿಸಿ ಎತ್ತರ ತಗ್ಗಿಸಿದ ಕಾರಿನದು. ಗಾಡಿಯವನು ಬೈಯುವುದು ಕ್ಯಾಂಬರನ್ನು, ಅಂದರೆ ಮುಂದಿನಿಂದ ನೋಡಿದಾಗ ಕಾಣುವ ಚಕ್ರದ ವಾಲನ್ನು. ಆದರೆ ಚಕ್ರದ ತಲೆ ಒಂದು ಡಿಗ್ರಿ ಒಳಕ್ಕೆ ವಾಲಿದರೆ ಟೈರು ನಿಧಾನಕ್ಕೆ ಸವೆಯುತ್ತದೆ, ಅಷ್ಟೇ. ತಿಂಗಳೊಪ್ಪತ್ತಿನಲ್ಲಿ ಟೈರು ತಿಂದುಹಾಕುವುದು ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರದ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವುದು. ಸಾಗುವ ದಿಕ್ಕಿಗೆ ಚಕ್ರ ಅರ್ಧ ಡಿಗ್ರಿ ಓರೆಯಾಗಿ ನಿಂತರೆ ಪ್ರತಿ ಕಿಲೋಮೀಟರಿಗೆ ಸುಮಾರು 8.7 ಮೀಟರ್ ಅಡ್ಡಕ್ಕೆ ಉಜ್ಜಿಕೊಂಡು ಹೋಗುತ್ತದೆ. ಕಲಬುರಗಿಯಿಂದ ಬೀದರ್ ತಲುಪುವಷ್ಟರಲ್ಲಿ ಹೆಚ್ಚು ಕಡಿಮೆ ಒಂದು ಕಿಲೋಮೀಟರ್ ಬರೀ ಉಜ್ಜಾಟ, ಅದೂ ಮೇ ತಿಂಗಳ ಕಾದ ಡಾಂಬರಿನ ಮೇಲೆ.

ಕಾರು ತಗ್ಗಿದಾಗ ಟೋ ಏಕೆ ಕೆಡುತ್ತದೆ? ಚಕ್ರವನ್ನು ಕೆಳಗಿನಿಂದ ಬಾಡಿಗೆ ಹಿಡಿದಿಡುವ ಲೋವರ್ ಆರ್ಮ್ ಮತ್ತು ಸ್ಟೀರಿಂಗಿನಿಂದ ಚಕ್ರಕ್ಕೆ ಬರುವ ಟೈ ರಾಡ್ ಎರಡೂ ತಮ್ಮ ಒಳತುದಿಯ ಸುತ್ತ ಕಮಾನಿನಂತೆ ಮೇಲೇಳುತ್ತವೆ. ಎರಡರ ಉದ್ದವೂ ಕೋನವೂ ಒಂದೇ ಅಲ್ಲದ ಕಾರಣ ಒಂದು ಇನ್ನೊಂದಕ್ಕಿಂತ ಹೆಚ್ಚು ದೂಡುತ್ತದೆ, ಚಕ್ರ ತಿರುಗುತ್ತದೆ. ಸ್ಟೀರಿಂಗ್ ರ್‍ಯಾಕ್ (ಸ್ಟೀರಿಂಗ್ ತಿರುಗಿಸಿದಾಗ ಎಡಬಲ ಸರಿದು ಟೈ ರಾಡನ್ನು ದೂಡುವ ಸರಳು) ಎಲ್ಲಿ ಕೂತಿದೆ ಎನ್ನುವುದರ ಮೇಲೆ ಕೆಲವು ಕಾರಿನಲ್ಲಿ ಒಳಕ್ಕೆ, ಕೆಲವದರಲ್ಲಿ ಹೊರಕ್ಕೆ. ಹಾಗಾಗಿ ‘ಸ್ಪ್ರಿಂಗ್ ಅಷ್ಟೇ ಬದಲಿಸಿದ್ದು, ಸ್ಟೀರಿಂಗ್ ಮುಟ್ಟಿಲ್ಲ’ ಎನ್ನುವ ವಾದಕ್ಕೆ ಅರ್ಥವಿಲ್ಲ.

ಎಷ್ಟು ತಗ್ಗಿಸಬಹುದು ಎಂಬುದಕ್ಕೂ ಇಲ್ಲೇ ಉತ್ತರವಿದೆ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಕೆಳಗೆ ಬಗ್ಗಿ ಲೋವರ್ ಆರ್ಮ್ ನೋಡಿ. ಚಕ್ರದ ಕಡೆಯ ಬಾಲ್ ಜಾಯಿಂಟ್ ಒಳತುದಿಗಿಂತ ಸ್ವಲ್ಪ ಕೆಳಗೆ, ಇಲ್ಲವೇ ಸಮಕ್ಕೆ ಇರಬೇಕು. ಮೇಲೆ ಹೋಗಿದ್ದರೆ ಗಾಡಿ ಅತಿಯಾಗಿ ಇಳಿದಿದೆ. ಅಂಥ ಕಾರು ಪ್ರತಿ ತಗ್ಗಿಗೂ ತಾನಾಗಿ ಸ್ಟೀರಿಂಗ್ ಎಳೆಯುತ್ತದೆ, ಅದನ್ನು ಚಕ್ರದ ಕೋನ ಅಳೆದು ತಿದ್ದಲು ಬಳಸುವ ಯಾವ ಅಲೈನ್‌ಮೆಂಟ್ ಯಂತ್ರವೂ ಸರಿಮಾಡದು. ಸಾಮಾನ್ಯ ಹ್ಯಾಚ್‌ಬ್ಯಾಕಿಗೆ 30 ಮಿ.ಮೀ. ಸಾಕು, ನಮ್ಮ ಕಡೆಯ ಎರೆಮಣ್ಣಿನ ಮೇಲೆ ಅಲೆಯೆದ್ದ ರಸ್ತೆಗಳಿಗೆ 40 ದಾಟಲೇಬೇಡಿ.

ಗ್ರೈಂಡರಿನಲ್ಲಿ ಸುತ್ತು ಕತ್ತರಿಸಿದ ಸ್ಪ್ರಿಂಗ್ ಇದ್ದರೆ ಮೊದಲು ಅದನ್ನು ತೆಗೆಸಿ, ಆಮೇಲೆ ಮುಂದಿನ ಮಾತು. ಕತ್ತರಿಸಿದ ತುದಿ ಸೀಟಿನಲ್ಲಿ ಸರಿಯಾಗಿ ಕೂರುವುದಿಲ್ಲ, ಹಂಪ್ ಇಳಿದಾಗಲೆಲ್ಲ ಸಡಿಲಾಗಿ ಬೇರೆ ಜಾಗದಲ್ಲಿ ಕೂರುತ್ತದೆ, ಎತ್ತರ ಎಡಕ್ಕೊಂದು ಬಲಕ್ಕೊಂದು. ಆಕ್ಸೆಸರಿ ಅಂಗಡಿಯವರು ಸ್ಪ್ರಿಂಗ್ ಸುತ್ತಿನ ನಡುವೆ ತುರುಕಲು ಕೊಡುವ ರಬ್ಬರ್ ಬಫರ್ ಕೂಡ ಹಾಗೆಯೇ: ಟೈರು ತಾಗುತ್ತದೆಂದು ಒಂದೇ ಬದಿಗೆ ಹಾಕಿದವರ ಗಾಡಿ ಎಂದೂ ನೇರ ಓಡುವುದಿಲ್ಲ. ಗಾಡಿಯ ಮೂಲ ರಚನೆ ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ನಿರ್ಬಂಧವಿದೆ ಎಂಬುದೂ ಗೊತ್ತಿರಲಿ.

ಅಂಗಡಿಗೆ ಹೋಗುವ ಮುನ್ನ

ಹೊಸ ಸ್ಪ್ರಿಂಗ್ ಹಾಕಿದ ದಿನವೇ ಅಲೈನ್‌ಮೆಂಟ್ ಮಾಡಿಸಿದರೆ ಅದು ತಾತ್ಕಾಲಿಕ ಎಂದೇ ತಿಳಿಯಿರಿ. ಸ್ಪ್ರಿಂಗ್ ಕೂರಲು 300ರಿಂದ 500 ಕಿ.ಮೀ. ಓಡಬೇಕು, ಆ ಹೊತ್ತಿಗೆ ಇನ್ನೂ ಕೆಲವು ಮಿ.ಮೀ. ಇಳಿದಿರುತ್ತದೆ. ಮೊದಲ ದಿನ ಟೋ ಒಂದನ್ನು ಅಂದಾಜಿಗೆ ಸರಿ ಮಾಡಿಸಿ, ಓಡಿಸಿ, ಪಕ್ಕಾ ಕೆಲಸ ಆಮೇಲೆ.

ಈ ನಡುವೆ ಆಗಬೇಕಾದ, ಹತ್ತರಲ್ಲಿ ಒಂಬತ್ತು ಮಿಸ್ತ್ರಿಗಳು ಬಿಟ್ಟುಬಿಡುವ ಕೆಲಸವೊಂದಿದೆ: ಲೋವರ್ ಆರ್ಮಿನ ಒಳತುದಿಯ ಬುಶ್ (ರಬ್ಬರ್ ಕೀಲು) ಬೋಲ್ಟ್ ಸಡಿಲಿಸಿ ಮತ್ತೆ ಬಿಗಿಯುವುದು. ಆ ಬುಶ್‌ನೊಳಗಿನ ರಬ್ಬರು ಹೊರಗಿನ ಕೊಳವೆಗೂ ಒಳಗಿನ ಕೊಳವೆಗೂ ಅಂಟಿಕೊಂಡಿರುತ್ತದೆ. ಬೋಲ್ಟ್ ಬಿಗಿದರೆ ಒಳಕೊಳವೆ ಬಾಡಿಗೆ ಕಚ್ಚಿಕೊಂಡು ನಿಲ್ಲುತ್ತದೆ; ಆರ್ಮ್ ಮೇಲೆ ಕೆಳಗೆ ಆಡಿದಾಗ ರಬ್ಬರು ತಿರುಚಿಕೊಳ್ಳುತ್ತದೆ. ಕಂಪನಿ ಬಿಗಿದದ್ದು ಹಳೆ ಎತ್ತರಕ್ಕೆ. ಕಾರು 35 ಮಿ.ಮೀ. ಇಳಿದ ಮೇಲೆ ಆ ರಬ್ಬರು ನಿಂತಲ್ಲೇ ತಿರುಚಿಕೊಂಡಿರುತ್ತದೆ, ಗಾಡಿಯನ್ನು ಮೇಲಕ್ಕೆ ದೂಡುತ್ತಿರುತ್ತದೆ. ಕೆಲವೇ ತಿಂಗಳಲ್ಲಿ ಸೀಳುತ್ತದೆ. ಸೀಳಿದ ದಿನ ಆರ್ಮ್ ಹಿಂದೆಮುಂದೆ ಜಾರಲು ಶುರು, ಯಂತ್ರ ಕೊಟ್ಟ ಅಂಕಿಗಳಿಗೆ ಬೆಲೆ ಇಲ್ಲ.

ಮಾಡುವ ರೀತಿ ಹೀಗೆ. ಕಾರನ್ನು ಪಿಟ್ ಮೇಲೆ, ನಾಲ್ಕೂ ಚಕ್ರ ನೆಲದ ಮೇಲಿರುವಂತೆ ನಿಲ್ಲಿಸಿ. ಜ್ಯಾಕ್ ಹಾಕಿ ಚಕ್ರ ತೂಗಾಡಿಸಿಕೊಂಡು ಮಾಡಿದರೆ ಕೆಲಸ ಮೊದಲಿಗಿಂತ ಕೆಡುತ್ತದೆ. ಆರ್ಮ್ ಅನ್ನು ಬಾಡಿಗೆ ಹಿಡಿದಿರುವ ಎರಡೂ ಬೋಲ್ಟನ್ನು ಅರ್ಧ ಸುತ್ತಿನಿಂದ ಒಂದು ಸುತ್ತು ಸಡಿಲಿಸಿ, ಕಳಚಬೇಡಿ. ಮುಂಬದಿಯನ್ನು ನಾಲ್ಕೈದು ಬಾರಿ ಒತ್ತಿ ಬಿಡಿ, ಗಾಡಿಯನ್ನು ಒಂದು ಮೀಟರ್ ಹಿಂದೆಮುಂದೆ ಉರುಳಿಸಿ. ಕೆಲವು ಕಾರು ಆಗಲೇ 5 ಮಿ.ಮೀ. ಇಳಿದು ಕೂರುವುದು ಕಣ್ಣಿಗೇ ಕಾಣುತ್ತದೆ. ಈಗ ಟಾರ್ಕ್ ರೆಂಚಿನಿಂದ ಆ ಮಾದರಿಯ ಸರ್ವಿಸ್ ಪುಸ್ತಕ ಹೇಳಿದಷ್ಟು ಬಿಗಿಯಿರಿ. ಹಿಂದಿನ ಎರಡೂ ಚಕ್ರ ಜೋಡಿಸುವ ಬೀಮಿನ ಎರಡು ಬುಶ್‌ಗೂ ಇದೇ ಕ್ರಮ. ‘ಇದೆಲ್ಲ ಬೇಕಾಗಂಗಿಲ್ರಿ’ ಎನ್ನುವ ಮಿಸ್ತ್ರಿಯ ಕೈಗೆ ಕಾರು ಕೊಡಬೇಡಿ.

ಜೊತೆಗೆ ಟೈ ರಾಡ್ ತುದಿ, ಬಾಲ್ ಜಾಯಿಂಟ್, ವೀಲ್ ಬೇರಿಂಗ್ ಆಡುತ್ತಿವೆಯೇ ನೋಡಿಸಿ. ಆಡುವ ಭಾಗವಿರುವ ಕಾರಿಗೆ ಅಲೈನ್‌ಮೆಂಟ್ ಮಾಡಿಸುವುದು ಹಣ ಚೆಲ್ಲಿದಂತೆ.

ಎತ್ತರ ಅಳೆಯುವಾಗ ನೆಲದಿಂದ ಅಳೆಯಬೇಡಿ, ಟೈರಿನ ಗಾಳಿ ಮತ್ತು ನೆಲದ ಉಬ್ಬು ಲೆಕ್ಕ ಕೆಡಿಸುತ್ತವೆ. ಚಕ್ರದ ನಡುಮಧ್ಯದಿಂದ ಫೆಂಡರ್ ಕಮಾನಿನವರೆಗೆ ಅಳೆಯಿರಿ. ಎಡಬಲ ವ್ಯತ್ಯಾಸ 5 ಮಿ.ಮೀ. ಒಳಗಿರಲಿ. ಕಾಯಿಲೋವರ್ (ಎತ್ತರ ತಿದ್ದಬಹುದಾದ ಸ್ಪ್ರಿಂಗ್-ಶಾಕ್ ಜೋಡಿ) ಇದ್ದರೆ ಎತ್ತರ ಈಗಲೇ ತಿದ್ದಿ ಲಾಕ್ ಮಾಡಿ. ಅಲೈನ್‌ಮೆಂಟ್ ಆದ ಮೇಲೆ ಎತ್ತರ ಮುಟ್ಟಿದರೆ ಎಲ್ಲವೂ ಮೊದಲಿನಿಂದ.

ಗಾಳಿ ಬೆಳಿಗ್ಗೆ ತಣ್ಣಗಿರುವಾಗ, ಬಾಗಿಲ ಚೌಕಟ್ಟಿನ ಸ್ಟಿಕ್ಕರ್ ಹೇಳಿದಷ್ಟು. ಮಧ್ಯಾಹ್ನ ಓಡಿಸಿಕೊಂಡು ಬಂದು ಅಳೆದರೆ ನಾಲ್ಕೈದು ಪಿಎಸ್‌ಐ ಹೆಚ್ಚೇ ತೋರುತ್ತದೆ. ಟ್ಯಾಂಕ್ ಅರ್ಧ. ಡಿಕ್ಕಿಯಲ್ಲಿ ವೂಫರ್ ಪೆಟ್ಟಿಗೆ ಸದಾ ಇರುವುದಾದರೆ ಅಲ್ಲೇ ಇರಲಿ. ಡ್ರೈವರ್ ಸೀಟಿನ ಮೇಲೆ ನಿಮ್ಮ ತೂಕಕ್ಕೆ ಹತ್ತಿರದ ಭಾರ ಇಡಿ, 50 ಕೆ.ಜಿ.ಯ ಒಂದು ಸಿಮೆಂಟ್ ಚೀಲ ಸಾಕು.

ಯಂತ್ರದ ಮೇಲೆ

ನಾಲ್ಕು ಕಂಬದ ಲಿಫ್ಟಿಗಿಂತ ಪಿಟ್ ಇರುವ ಅಂಗಡಿ ಹುಡುಕಿ. ಕಡಿದಾದ ರ್‍ಯಾಂಪ್ ಹತ್ತುವಾಗ ಬಂಪರಿನ ತುಟಿ ಹೋಗುತ್ತದೆ. ನಾಲ್ಕೈದು ಅಡಿ ಉದ್ದ, ಎರಡು ಇಂಚು ದಪ್ಪದ ಎರಡು ಹಲಗೆ ಹತ್ತುವ ಜಾಗದ ಬುಡಕ್ಕೆ ಹಾಸಲು ಡಿಕ್ಕಿಯಲ್ಲಿಟ್ಟುಕೊಂಡರೆ ಯಾರನ್ನೂ ಕೇಳಬೇಕಿಲ್ಲ. ಚಕ್ರ ನಿಲ್ಲುವ ನಾಲ್ಕು ಜಾಗವೂ ಒಂದೇ ಮಟ್ಟದಲ್ಲಿವೆಯೇ ಎಂದು ಕೇಳಿ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವಾಗ ಮೇಲಿನ ಶಹಾಬಾದ್ ಕಲ್ಲಿನ ನೆಲವೂ ಏರುಪೇರಾಗುತ್ತದೆ. ಗೌಂಡಿಗಳ ನೀರಿನ ಲೆವೆಲ್ ಪೈಪಿನಿಂದ ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಕಾರು ಹತ್ತಿಸಿದ ಮೇಲೆ ರಿಮ್ಮಿಗೆ ಹಾಕುವ ಅಳತೆ ಕ್ಲ್ಯಾಂಪ್ ಸರಿಯಾಗಿ ಕೂತಿರಬೇಕು, ಕಾರನ್ನು ಹಿಂದೆಮುಂದೆ ಉರುಳಿಸಿ ರಿಮ್ಮಿನ ವಕ್ರತೆಯನ್ನು ಲೆಕ್ಕದಿಂದ ಕಳೆಯುವ ಹಂತ ಬಿಡಬಾರದು, ಮುಂದಿನ ಚಕ್ರಗಳಡಿಯ ತಿರುಗು ತಟ್ಟೆಯ ಪಿನ್ ಕಿತ್ತಿರಬೇಕು. ಪಿನ್ ಹಾಗೇ ಬಿಟ್ಟು ಅಳೆಯುವ ಹುಡುಗರು ಬೇಕಾದಷ್ಟಿದ್ದಾರೆ. ಬಂಪರ್ ಕಿಟ್ ಕ್ಯಾಮೆರಾಗೆ ಅಡ್ಡ ಬಂದರೆ ಯಂತ್ರ ಒಂದು ಚಕ್ರದ ಅಂಕಿಯನ್ನೇ ತೋರುವುದಿಲ್ಲ. ಆಗ ಕ್ಯಾಮೆರಾ ಎತ್ತರ ಬದಲಿಸಬೇಕು. ಜ್ಯಾಕಿನಿಂದ ಗಾಡಿಯ ಮೂತಿ ಎತ್ತಿ ತೋರಿಸುವ ಉಪಾಯ ಬೇಡವೇ ಬೇಡ.

ಜ್ಯಾಕಿನ ವಿಷಯ ಬಂತು, ಇಲ್ಲಿ ಸ್ವಲ್ಪ ನಿಲ್ಲೋಣ. ಎತ್ತಿದ ಕಾರನ್ನು ಇಳಿಸಿದಾಗ ಟೈರು ನೆಲ ಕಚ್ಚಿಕೊಂಡು ಹೊರಕ್ಕೆ ಜಾರುವುದಿಲ್ಲ. ಗಾಡಿ ಒಂದೆರಡು ಸೆಂಟಿಮೀಟರ್ ಎತ್ತರದಲ್ಲೇ ನಿಂತುಬಿಡುತ್ತದೆ. ಆ ಎತ್ತರದಲ್ಲಿ ಟೋ ಬೇರೆ, ಕ್ಯಾಂಬರ್ ಬೇರೆ. ಬೋಲ್ಟ್ ತಿರುಗಿಸಲು ನಡುವೆ ಒಮ್ಮೆ ಎತ್ತಿದರೂ ಇಳಿಸಿದ ಮೇಲೆ ಮುಂದೆ ಹಿಂದೆ ಒತ್ತಿ ಕೂರಿಸಿ, ಫೆಂಡರ್ ಅಳತೆ ಮೊದಲಿನಷ್ಟೇ ಬಂದಿದೆಯೇ ನೋಡಿ, ಆಮೇಲೆ ಪರದೆಯ ಅಂಕಿ ಓದಿ.

ಕ್ರಮ ಹೀಗಿರಲಿ: ಮೊದಲು ಹಿಂದಿನ ಚಕ್ರ, ಆಮೇಲೆ ಮುಂದಿನ ಕ್ಯಾಂಬರ್, ಕೊನೆಗೆ ಟೋ. ಸ್ವಿಫ್ಟ್, ಬಲೆನೊ, ಐ20 ತರಹದ ಕಾರುಗಳಲ್ಲಿ ಹಿಂದೆ ಒಂದೇ ಬೀಮ್ ಇರುತ್ತದೆ, ತಿದ್ದುವ ಬೋಲ್ಟ್ ಇಲ್ಲ. ಗಾಡಿ ಎರಡೂ ಬದಿ ಸಮನಾಗಿ ತಗ್ಗಿದರೆ ಅಲ್ಲಿನ ಟೋ, ಕ್ಯಾಂಬರ್ ಹೆಚ್ಚೇನೂ ಬದಲಾಗುವುದೂ ಇಲ್ಲ. ಥ್ರಸ್ಟ್ ಕೋನ (ಹಿಂದಿನ ಚಕ್ರಗಳು ಗಾಡಿಯ ನಡುಗೆರೆಗೆ ಎಷ್ಟು ಓರೆಯಾಗಿವೆ ಎಂಬುದು) 0.2 ಡಿಗ್ರಿ ದಾಟಿದ್ದರೆ ಬೀಮ್ ಬಾಗಿದೆ ಅಥವಾ ಓರೆ ಕೂತಿದೆ, ಮುಂದಿನ ಚಕ್ರ ತಿರುಗಿಸಿ ಅದನ್ನು ಮುಚ್ಚಿಹಾಕಲು ಬಿಡಬೇಡಿ. ಹಿಂದಿನ ಪ್ರತಿ ಚಕ್ರಕ್ಕೆ ಹಲವು ಬಿಡಿ ಆರ್ಮ್ (ಮಲ್ಟಿಲಿಂಕ್) ಇರುವ ಕಾರಿನಲ್ಲಿ ಹಿಂದೆಯೂ ತಿದ್ದುಪಡಿ ಇರುತ್ತದೆ, ತಗ್ಗಿಸಿದರೆ ಅಲ್ಲಿಯೂ ಕೆಡುತ್ತದೆ.

ಮುಂದಿನ ಕ್ಯಾಂಬರ್ ಮೈನಸ್ 0.5ರಿಂದ ಮೈನಸ್ 1.25 ಡಿಗ್ರಿಯ ನಡುವೆ ಇದ್ದು (ಮೈನಸ್ ಎಂದರೆ ತಲೆ ಒಳಕ್ಕೆ), ಎಡಬಲ ವ್ಯತ್ಯಾಸ 0.3 ಡಿಗ್ರಿಯ ಒಳಗಿದ್ದರೆ ಮುಟ್ಟಬೇಡಿ. ಪರದೆ ಕೆಂಪು ತೋರಿಸಿದರೂ ಸರಿ, ಆ ಬಣ್ಣದ ಗಡಿಗಳು ಕಂಪನಿಯ ಎತ್ತರಕ್ಕೆ ಬರೆದವು. ಇದಕ್ಕಿಂತ ಹೆಚ್ಚು ವಾಲಿದ್ದರೆ ಕ್ಯಾಂಬರ್ ಬೋಲ್ಟ್ ಬೇಕು. ಸ್ಟ್ರಟ್ಟನ್ನು (ಸ್ಪ್ರಿಂಗ್ ಹೊತ್ತ ಶಾಕ್ ಕಂಬ) ನಕಲ್‌ಗೆ (ಚಕ್ರದ ಬೇರಿಂಗ್ ಹೊತ್ತ ಭಾಗ) ಎರಡು ಬೋಲ್ಟಿನಿಂದ ಹಿಡಿದ ಕಾರುಗಳಲ್ಲಿ ಅದರಲ್ಲೊಂದನ್ನು ತೆಗೆದು ಒಂದು ಬದಿಗೆ ಉಬ್ಬಿದ ಕ್ಯಾಮ್ ಇರುವ ಈ ಬೋಲ್ಟ್ ಹಾಕುತ್ತಾರೆ. ಯಾವ ರಂಧ್ರಕ್ಕೆ, ಎಷ್ಟು ಟಾರ್ಕ್ ಎಂದು ಕಿಟ್ಟಿನ ಚೀಟಿಯಲ್ಲಿರುತ್ತದೆ. ಇದರ ದಂಡ ಮೂಲ ಬೋಲ್ಟಿಗಿಂತ ತೆಳು, ಹಾಗಾಗಿ ಏರ್ ಗನ್ ಹತ್ತಿರವೂ ತರಬೇಡಿ. ಹೆಸರಿಲ್ಲದ ಅಗ್ಗದ ಬೋಲ್ಟಿನ ಕ್ಯಾಮ್ ಎರಡನೇ ತಗ್ಗಿಗೇ ಜಾರುತ್ತದೆ. ಇನ್ನೊಂದು: ಭಾರವಿರುವಾಗ ಸಡಿಲಿಸಿದರೆ ಚಕ್ರದ ತಲೆ ಸರ್ರನೆ ಒಳಕ್ಕೆ ಬೀಳುತ್ತದೆ, ಆದ್ದರಿಂದ ಎತ್ತಿ ತಿದ್ದಿ, ಬಿಗಿದು, ಇಳಿಸಿ ಕೂರಿಸಿ ಓದಬೇಕು. ಪೋಲೋ, ವೆಂಟೋ ತರಹದ ಕಾರಿನಲ್ಲಿ ಸ್ಟ್ರಟ್ ನಕಲ್‌ನೊಳಗೆ ಇಳಿದು ಒಂದೇ ಬೋಲ್ಟಿನಿಂದ ಬಿಗಿಯಾಗಿರುತ್ತದೆ, ಈ ದಾರಿ ಅಲ್ಲಿ ನಡೆಯದು. ಮೇಲಿನ ಮೌಂಟಿಗೆ ಕ್ಯಾಂಬರ್ ಪ್ಲೇಟ್ ಹಾಕಬೇಕು.

ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ತಿದ್ದಲು ಬಹುತೇಕ ಕಾರುಗಳಲ್ಲಿ ಅವಕಾಶವಿಲ್ಲ. ಆದರೆ 2450 ಮಿ.ಮೀ. ವೀಲ್‌ಬೇಸಿನ (ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರದ) ಕಾರಿನಲ್ಲಿ ಹಿಂದಿಗಿಂತ ಮುಂದೆ 20 ಮಿ.ಮೀ. ಹೆಚ್ಚು ಇಳಿಸಿದರೆ ಕ್ಯಾಸ್ಟರ್ ಅರ್ಧ ಡಿಗ್ರಿಯಷ್ಟು ಕಡಿಮೆಯಾಗಿ ಹೆದ್ದಾರಿಯಲ್ಲಿ ಸ್ಟೀರಿಂಗ್ ತೇಲಾಡುತ್ತದೆ. ನಾಲ್ಕೂ ಮೂಲೆ ಸಮನಾಗಿ ಇಳಿಸಿ.

ಟೋ: ಬಣ್ಣ ಬೇಡ, ಅಂಕಿ ಕೇಳಿ

‘ಎಲ್ಲಾ ಗ್ರೀನ್ ಬಂದದ ನೋಡ್ರಿ ಸರ್’ ಎಂದ ಕೂಡಲೇ ಜೇಬಿಗೆ ಕೈ ಹಾಕಬೇಡಿ. ಎಡ ಚಕ್ರ ಪ್ಲಸ್ (ಒಳಮುಖ) 0.15, ಬಲ ಚಕ್ರ ಮೈನಸ್ (ಹೊರಮುಖ) 0.05 ಇದ್ದರೂ ಎರಡೂ ಹಸಿರಾಗಿರಬಹುದು. ಒಟ್ಟು 0.10 ಚೆನ್ನಾಗಿಯೇ ಕಾಣುತ್ತದೆ, ಆದರೆ ನೇರ ಓಡುವಾಗ ಸ್ಟೀರಿಂಗ್ ಓರೆ ನಿಲ್ಲುತ್ತದೆ. ಬೇಕಾದದ್ದು ಪ್ರತಿ ಚಕ್ರಕ್ಕೆ 0ಯಿಂದ ಪ್ಲಸ್ 0.05 ಡಿಗ್ರಿ, ಎರಡೂ ಬದಿ ಒಂದೇ. ಕ್ಯಾಂಬರ್ ಮೈನಸ್ 1 ದಾಟಿದ್ದರೆ ಸೊನ್ನೆಗೆ ಹತ್ತಿರ ಇಡಿ, ಹೊರಮುಖ ಮಾತ್ರ ಬೇಡ. ವಾಲಿದ ಚಕ್ರಕ್ಕೆ ಹೊರಮುಖದ ಟೋ ಸೇರಿದರೆ ಒಳಅಂಚು ಉಳಿಯುವುದೇ ಇಲ್ಲ. ಯಂತ್ರ ಮಿ.ಮೀ.ಯಲ್ಲಿ ತೋರಿಸಿದರೆ 15 ಇಂಚಿನ ರಿಮ್ಮಿಗೆ 1 ಮಿ.ಮೀ. ಅಂದರೆ 0.15 ಡಿಗ್ರಿ, ಅಂದರೆ 9 ಮಿನಿಟ್ (ಡಿಗ್ರಿಯ ಅರವತ್ತನೇ ಒಂದು ಭಾಗ ಒಂದು ಮಿನಿಟ್). 17 ಇಂಚಿಗೆ 8 ಮಿನಿಟ್.

ಎಂಜಿನ್ ಚಾಲೂ ಮಾಡಿ ಸ್ಟೀರಿಂಗನ್ನು ಎಡಬಲ ಆಡಿಸಿ ನಡುವಿಗೆ ತಂದು, ಬಂದ್ ಮಾಡಿ, ಹಿಡಿಕೆ ಹಾಕಿ ಲಾಕ್ ಮಾಡಬೇಕು. ಟೈ ರಾಡಿನ ಲಾಕ್ ನಟ್ ಸಡಿಲಿಸುವ ಜೊತೆಗೆ ರ್‍ಯಾಕ್ ಬೂಟಿನ (ರಬ್ಬರ್ ಮುಸುಕಿನ) ಸಣ್ಣ ಕ್ಲಿಪ್ಪನ್ನೂ ಬಿಡಿಸಿ. ಬಿಡಿಸದೆ ರಾಡ್ ತಿರುಗಿಸಿದರೆ ಬೂಟ್ ತಿರುಚಿ ಹರಿಯುತ್ತದೆ, ಧೂಳು ಒಳಗಿಳಿದು ರ್‍ಯಾಕ್ ಹಾಳಾಗುತ್ತದೆ. ಹೆಚ್ಚಿನ ಚಿಕ್ಕ ಕಾರುಗಳಲ್ಲಿ ರಾಡನ್ನು ಕಾಲು ಸುತ್ತು ತಿರುಗಿಸಿದರೆ ಆ ಚಕ್ರ 0.15 ಡಿಗ್ರಿಯಷ್ಟು ತಿರುಗುತ್ತದೆ. ಆದ್ದರಿಂದ ಕೊನೆಯ ತಿದ್ದುಪಡಿ ಸ್ಪ್ಯಾನರಿನ ಕೂದಲೆಳೆಯ ಆಟ. ಲಾಕ್ ನಟ್ ಬಿಗಿಯುವಾಗ ರಾಡನ್ನು ಇನ್ನೊಂದು ಸ್ಪ್ಯಾನರಿನಲ್ಲಿ ಹಿಡಿಯದಿದ್ದರೆ ಇದೇ 0.05 ಕೈತಪ್ಪುತ್ತದೆ. ಬಿಗಿದ ನಂತರದ ಅಂಕಿಯೇ ಲೆಕ್ಕ. ಎರಡೂ ಟೈ ರಾಡಿನಲ್ಲಿ ಹೊರಗೆ ಕಾಣುವ ಥ್ರೆಡ್ಡಿನ ಎಳೆಗಳನ್ನು ಎಣಿಸಿ: ನಾಲ್ಕೈದು ಎಳೆ ಹೆಚ್ಚುಕಡಿಮೆ ಇದ್ದರೆ ರ್‍ಯಾಕ್ ನಡುವಿಗಿಲ್ಲ, ಅಥವಾ ಏನೋ ಬಾಗಿದೆ.

ಮೊದಲಿನ ಮತ್ತು ನಂತರದ ಅಂಕಿಗಳ ಪ್ರಿಂಟ್ ಇಸಿದುಕೊಳ್ಳಿ. ‘ಪ್ರಿಂಟರ್ ಕೆಟ್ಟದ್ರಿ’ ಎಂದರೆ ಪರದೆಯ ಫೋಟೋ ತೆಗೆಯಿರಿ. ಇಎಸ್‌ಪಿ (ಗಾಡಿ ಜಾರದಂತೆ ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆ) ಇರುವ ಕಾರಿಗೆ ಸ್ಟೀರಿಂಗ್ ಕೋನದ ಸೆನ್ಸರ್ ಮತ್ತೆ ಸೊನ್ನೆ ಮಾಡಿಸಬೇಕಾಗಬಹುದು. ಹೆಡ್‌ಲೈಟ್ ಮಟ್ಟವನ್ನೂ ತಿದ್ದಿಸಿ.

ಪರೀಕ್ಷೆಗೆ ಹುಮನಾಬಾದ್ ಕಡೆಯ ಹೆದ್ದಾರಿ, ಲಾರಿಗಳ ಸಾಲು ಶುರುವಾಗುವ ಮುನ್ನ. ರಸ್ತೆ ನಡುವೆ ಉಬ್ಬಿ ಅಂಚಿಗೆ ಇಳಿಜಾರಾಗಿರುವುದರಿಂದ ಎಡಕ್ಕೆ ಸ್ವಲ್ಪ ಜಾರುವುದು ಸಹಜ. ಜೋರಾಗಿ ಎಳೆದರೆ ಮುಂದಿನ ಎರಡು ಟೈರು ಅದಲುಬದಲು ಮಾಡಿ ಮತ್ತೆ ಓಡಿಸಿ. ಬಾಣದ ಗುರುತಿನ ಟೈರಿಗೆ ಇದು ಸಲ್ಲದು. ಎಳೆತ ಬಲಕ್ಕೆ ತಿರುಗಿದರೆ ತಪ್ಪು ಟೈರಿನದು, ಅಲೈನ್‌ಮೆಂಟಿನದಲ್ಲ. ಸಾವಿರ ಕಿ.ಮೀ. ಆದ ಮೇಲೆ ಟೈರಿನ ಮೇಲೆ ಅಂಗೈಯನ್ನು ಒಳಗಿನಿಂದ ಹೊರಕ್ಕೆ, ಹೊರಗಿನಿಂದ ಒಳಕ್ಕೆ ಸವರಿ. ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದ ಹಲ್ಲಿನಂತೆ ತಾಗಿದರೆ ಟೋ ತಪ್ಪಿದೆ. ಚೂಪು ಅಂಚು ಒಳಮುಖವಾಗಿದ್ದರೆ ಟೋ ಒಳಕ್ಕೆ ಹೆಚ್ಚಾಗಿದೆ, ಹೊರಮುಖವಾಗಿದ್ದರೆ ಹೊರಕ್ಕೆ. ಅದೇ ಪ್ರಿಂಟ್ ಹಿಡಿದುಕೊಂಡು ಅಂಗಡಿಗೆ ವಾಪಸು ಹೋಗಿ. ಏನೂ ತಾಗದಿದ್ದರೆ ಮುಂದಿನ ತಪಾಸಣೆ 5,000 ಕಿ.ಮೀ.ಗೆ, ಇಲ್ಲವೇ ರಿಮ್ಮಿಗೆ ಪೆಟ್ಟಾಗುವಂಥ ತಗ್ಗು ಹಾರಿದ ಮರುದಿನ.