ಒಂಬತ್ತು ವರ್ಷದ ದೊರೆಯನ್ನು ಒಂಬತ್ತು ವರ್ಷದ ಮಕ್ಕಳಿಗೆ ಕಲಿಸಿದ್ದು

ಬರ್ಮಿಂಗ್‌ಹ್ಯಾಮ್‌ನಲ್ಲಿ ಪ್ರತಿ ಶನಿವಾರ ಬೆಳಿಗ್ಗೆ ನಾನು ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ಹದಿನಾಲ್ಕು ಮಕ್ಕಳಿದ್ದಾರೆ, ಎಲ್ಲರೂ ಎಂಟರಿಂದ ಹನ್ನೊಂದರ ಒಳಗಿನವರು. ಹಬ್ಬ, ತರಕಾರಿ, ಅಜ್ಜಿಯ ಮನೆ ಎಂದು ವರ್ಷಗಟ್ಟಲೆ ಪಾಠ ಮಾಡಿದರೂ ಅವರ ಕನ್ನಡ ಅಡುಗೆಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ವಾರದ ಐದು ದಿನ ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಯೋಚಿಸುವುದನ್ನೇ ಆರನೆಯ ದಿನ ಕನ್ನಡದಲ್ಲಿ ಯೋಚಿಸಿದರೆ ಹೇಗೆ ಎನಿಸಿತು. ಆಗ ಹಲವರ ಶಾಲೆಗಳಲ್ಲಿ ಹಿಂದೆ ಇಂಗ್ಲೆಂಡನ್ನು ಆಳಿದ ಟ್ಯೂಡರ್ ವಂಶದ ಅರಸರ ಪಾಠ ನಡೆಯುತ್ತಿತ್ತು.

ಮೊದಲ ಸಲ ಎಲ್ಲರಂತೆ ಎಂಟನೆಯ ಹೆನ್ರಿಯಿಂದಲೇ ಆರಂಭಿಸಿದೆ. ಅವನ ಆರು ಮಂದಿ ಹೆಂಡತಿಯರ ಗತಿಯನ್ನು ಹೇಳುವ ಇಂಗ್ಲಿಷ್ ಪ್ರಾಸ ಮಕ್ಕಳಿಗೆ ಬಾಯಿಪಾಠವಾಗಿತ್ತು. ಅದನ್ನೇ ಕನ್ನಡದಲ್ಲಿ ಹೇಳಿ ಎಂದೆ. "ಬಿಟ್ಟ, ತಲೆ ಕಡಿಸಿದ, ಸತ್ತಳು" ಎಂದು ಚಪ್ಪಾಳೆ ತಟ್ಟುತ್ತಾ ಶುರುವಿಟ್ಟುಕೊಂಡ ಮಕ್ಕಳು ಎರಡನೆಯ ಸುತ್ತಿನಲ್ಲಿ ತಾವಾಗಿಯೇ ನಿಂತುಬಿಟ್ಟರು. ಇಂಗ್ಲಿಷಿನಲ್ಲಿ ಸವೆದು ನುಣುಪಾಗಿದ್ದ ಮಾತು ಕನ್ನಡದಲ್ಲಿ ಇನ್ನೂ ಹರಿತವಾಗಿತ್ತು. ಆ ದಿನವೇ ನಾನು ಹೆನ್ರಿಯನ್ನು ಬಿಟ್ಟು ಅವನ ಮಗನ ಕಡೆಗೆ ತಿರುಗಿದೆ. ಆರನೆಯ ಎಡ್ವರ್ಡ್ ಪಟ್ಟಕ್ಕೆ ಬಂದದ್ದು 1547ರ ಜನವರಿಯಲ್ಲಿ, ಒಂಬತ್ತನೆಯ ವಯಸ್ಸಿನಲ್ಲಿ. ನನ್ನ ತರಗತಿಯ ಅರ್ಧ ಮಕ್ಕಳ ವಯಸ್ಸೂ ಅದೇ.

ಮೊದಲ ಪಾಠವನ್ನು ಒಂದು ಚಿತ್ರದಿಂದ ತೆರೆದೆ. ಎಡ್ವರ್ಡ್ ಇನ್ನೂ ರಾಜಕುಮಾರನಾಗಿದ್ದಾಗ, 1546ರಲ್ಲಿ, ವಿಲಿಯಂ ಸ್ಕ್ರಾಟ್ಸ್ ಎಂಬ ಕಲಾವಿದ ಬರೆದ ಆ ಚಿತ್ರ ಲಂಡನ್ನಿನ ರಾಷ್ಟ್ರೀಯ ಭಾವಚಿತ್ರ ಸಂಗ್ರಹಾಲಯಕ್ಕೆ ಸೇರಿದ್ದು. ಎದುರಿನಿಂದ ನೋಡಿದರೆ ಮುಖ ರಬ್ಬರಿನಂತೆ ಎಳೆದುಕೊಂಡು ವಿಕಾರವಾಗಿ ಕಾಣುತ್ತದೆ. ಪಕ್ಕದ ಅಂಚಿನಿಂದ ನೋಡಿದಾಗ ಮಾತ್ರ ಒಬ್ಬ ಸುಂದರ ಹುಡುಗ ಮೂಡುತ್ತಾನೆ. ದೊಡ್ಡ ಕಾಗದದಲ್ಲಿ ಮುದ್ರಿಸಿಕೊಂಡು ಹೋಗಿದ್ದೆ. ಕಾಗದವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ, ಅಂಚಿನ ಹತ್ತಿರಕ್ಕೆ ಮುಖ ತರಬೇಕು. ಹದಿನಾಲ್ಕು ಮಕ್ಕಳೂ ಸರದಿಯಲ್ಲಿ ನಿಂತು ನೋಡಿದರು, ಪ್ರತಿಯೊಬ್ಬರಿಗೂ ಅವನು ಕಂಡ ಕ್ಷಣ ಬಾಯಿಂದ ಒಂದು ಉದ್ಗಾರ ಬಂತು.

ಎರಡನೆಯ ವಾರ, ನಾನು ಎಣಿಸಿಯೇ ಇರದ ಪ್ರಶ್ನೆ ಎದ್ದಿತು. ದೊರೆಗೆ "ಅವನು" ಎನ್ನಬೇಕೆ, "ಅವರು" ಎನ್ನಬೇಕೆ? ಇಂಗ್ಲಿಷಿನಲ್ಲಿ ಈ ತೊಡಕೇ ಇಲ್ಲ. ರಾಜನಾದ್ದರಿಂದ "ಅವರು" ಎಂದು ಕೆಲವರು, ನಮ್ಮ ವಯಸ್ಸಿನವನಾದ್ದರಿಂದ "ಅವನು" ಎಂದು ಉಳಿದವರು ವಾದಿಸಿದರು. ಕೊನೆಗೆ ಒಬ್ಬಳು, ಆಸ್ಥಾನದಲ್ಲಿ ಕುಳಿತಾಗ "ಅವರು", ಮಲಗುವ ಕೋಣೆಯಲ್ಲಿ "ಅವನು" ಎಂದು ತೀರ್ಪು ಕೊಟ್ಟಳು. ಆ ತಿಂಗಳೆಲ್ಲ ನಾವು ಅದನ್ನೇ ಪಾಲಿಸಿದೆವು. ಒಬ್ಬ ಮಗುವಿನ ಮೇಲೆ ರಾಜತ್ವ ಹೇರುವುದೆಂದರೆ ಏನೆಂದು ವಿವರಿಸಲು ನನಗೆ ಬೇರೆ ಪಾಠವೇ ಬೇಕಾಗಲಿಲ್ಲ.

ಕನ್ನಡ ಇನ್ನೊಂದು ಕಡೆಯೂ ಕೈಹಿಡಿಯಿತು. ಎಡ್ವರ್ಡ್ ಹುಟ್ಟಿದ್ದು 1537ರ ಅಕ್ಟೋಬರ್ 12ರಂದು, ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿ. ಹನ್ನೆರಡೇ ದಿನಕ್ಕೆ ತಾಯಿ ಜೇನ್ ಸೀಮೋರ್ ತೀರಿಕೊಂಡಳು. ತಂದೆಯೂ ಹೋದ ಮೇಲೆ ಅವನ ಹೆಸರಿನಲ್ಲಿ ಆಡಳಿತ ನಡೆಸಿದವನು ಸಾಮರ್ಸೆಟ್‌ನ ಡ್ಯೂಕ್. ಶಾಲೆಯ ಪಾಠದಲ್ಲಿ ಅವನು ಬರೀ ಅಂಕಲ್. ನಾನು ಹಲಗೆಯ ಮೇಲೆ "ಸೋದರಮಾವ" ಎಂದು ಬರೆದೆ. ಸೋದರಮಾವ ಎಂದರೆ ಯಾರು ಎಂದು ಈ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ, ಅವನ ತೊಡೆಯ ಮೇಲೆ ಕುಳಿತು ಕಿವಿ ಚುಚ್ಚಿಸಿಕೊಂಡವರು ಅವರು. ಕಿರಿಯ ಸೋದರಮಾವ ಥಾಮಸ್ ಸೀಮೋರ್ ಹುಡುಗನಿಗೆ ಗುಟ್ಟಾಗಿ ಕೈಖರ್ಚಿನ ಹಣ ಕಳುಹಿಸುತ್ತಿದ್ದ. 1549ರ ಜನವರಿಯ ಒಂದು ರಾತ್ರಿ ದೊರೆಯ ಕೋಣೆಗಳತ್ತ ನುಗ್ಗಲು ಹೋಗಿ, ಬೊಗಳಿದ ನಾಯಿಯನ್ನು ಗುಂಡಿಟ್ಟು ಕೊಂದ. ಮಾರ್ಚ್‌ನಲ್ಲಿ ಅವನಿಗೆ ಮರಣದಂಡನೆಯಾಯಿತು. ಮೂರು ವರ್ಷದ ನಂತರ, 1552ರ ಜನವರಿ 22ರಂದು, ಹಿರಿಯ ಮಾವನಿಗೂ ಅದೇ ಗತಿ.

ಇಂಥ ಸಂಗತಿಗಳನ್ನು ಹೇಳುವ ಮೊದಲು ನಾನು ಪಾಲಕರಿಗೆ ತಿಳಿಸಿದ್ದೆ. ವಧೆಯ ವರ್ಣನೆ ಮಾಡಲಿಲ್ಲ, ಮುಚ್ಚಿಡಲೂ ಇಲ್ಲ. ಎಡ್ವರ್ಡ್ ತನ್ನ ಕೈಯಾರೆ ಬರೆದಿಟ್ಟ ದಿನವಹಿ ಬ್ರಿಟಿಷ್ ಲೈಬ್ರರಿಯಲ್ಲಿ ಉಳಿದಿದೆ. ಅದರಲ್ಲಿ ಆ ಬೆಳಗಿನ ಬಗ್ಗೆ ಒಂದೇ ಸಾಲಿದೆ: ಎಂಟರಿಂದ ಒಂಬತ್ತು ಗಂಟೆಯ ನಡುವೆ ಟವರ್ ಗುಡ್ಡದ ಮೇಲೆ ಸಾಮರ್ಸೆಟ್ ಡ್ಯೂಕನ ತಲೆ ಕಡಿಯಲಾಯಿತು. ಅದನ್ನು ಕನ್ನಡದಲ್ಲಿ ಬರೆದು ಸುಮ್ಮನೆ ನಿಂತೆ. "ಅವನು ಅತ್ತನೇ?" ಎಂದು ಒಬ್ಬ ಹುಡುಗ ಕೇಳಿದ. ಬರೆದಿಲ್ಲ ಎಂದೆ. ಯಾರಾದರೂ ಓದಿಬಿಟ್ಟಾರೆಂಬ ಭಯವಿತ್ತೇನೋ ಎಂದಳು ಒಬ್ಬಳು. ಮಾವನೇ ತಪ್ಪು ಮಾಡಿದ್ದಾನೆಂದು ನಂಬಿಸಿರಬಹುದು ಎಂದ ಇನ್ನೊಬ್ಬ. ಒಂದು ಸಾಲನ್ನು ಹಿಡಿದು ಹೀಗೆ ಬಗೆಬಗೆಯಾಗಿ ಯೋಚಿಸುವುದೇ ಇತಿಹಾಸದ ಕೆಲಸ. ಆದ್ದರಿಂದ ಯಾರ ಉತ್ತರವನ್ನೂ ನಾನು ಸರಿ ಎಂದು ಗುರುತಿಸಲಿಲ್ಲ.

ಆಡಳಿತದ ಭಾಗ ಒಣಗಲಾಗಿ ಬಿಡುವ ಅಪಾಯವಿತ್ತು. 1549ರ ಎರಡು ದಂಗೆಗಳನ್ನಷ್ಟೇ ಆರಿಸಿಕೊಂಡೆ. ನಾರ್ಫೋಕ್‌ನಲ್ಲಿ ಜಮೀನುದಾರರು ಊರಿನ ಸಾಮೂಹಿಕ ಭೂಮಿಗೆ ಬೇಲಿ ಹಾಕಿಕೊಂಡಾಗ ಜನ ದಂಗೆಯೆದ್ದರು. ಇದಕ್ಕೆ ನಮ್ಮಲ್ಲಿ ಹೇಳಿಮಾಡಿಸಿದ ಪದವಿದೆ, ಗೋಮಾಳ. ಊರಿನ ಎಲ್ಲರ ದನ ಮೇಯುವ ಜಾಗಕ್ಕೆ ಒಬ್ಬನೇ ಬೇಲಿ ಹಾಕಿದರೆ ಏನಾಗುತ್ತದೆಂದು ಮನೆಯಲ್ಲಿ ಅಜ್ಜ ಅಜ್ಜಿಯರನ್ನು ಫೋನಿನಲ್ಲಿ ಕೇಳಿಕೊಂಡು ಬನ್ನಿ ಎಂದು ಕಳುಹಿಸಿದೆ. ಮುಂದಿನ ವಾರ ಮಕ್ಕಳು ತಂದ ಜಗಳದ ಕಥೆಗಳನ್ನು ಕೇಳಿದ ಮೇಲೆ ರಾಬರ್ಟ್ ಕೆಟ್‌ನ ಕಥೆ ತಾನಾಗಿಯೇ ಅರ್ಥವಾಯಿತು. ಅವನೇ ಒಬ್ಬ ಬೇಲಿ ಹಾಕಿದ ಜಮೀನುದಾರ. ಜನ ಬಂದು ಕೇಳಿದಾಗ ತನ್ನ ಬೇಲಿಯನ್ನು ತಾನೇ ಕಿತ್ತು, ಅವರ ಮುಂದಾಳಾಗಿ, ಕೊನೆಗೆ ನಾರಿಚ್ ಕೋಟೆಯಲ್ಲಿ ನೇಣಿಗೇರಿದ.

ಇನ್ನೊಂದು ದಂಗೆ ಪ್ರಾರ್ಥನೆಯ ಭಾಷೆಯ ಬಗ್ಗೆ. ಲ್ಯಾಟಿನ್ ತೆಗೆದು ಇಂಗ್ಲಿಷ್ ಪ್ರಾರ್ಥನಾ ಪುಸ್ತಕ ತಂದದ್ದು ಜನರಿಗೆ ತಿಳಿಯಲಿ ಎಂದು. ಇಂಗ್ಲೆಂಡಿನ ನೈಋತ್ಯ ತುದಿಯ, ತಮ್ಮದೇ ಭಾಷೆಯಿದ್ದ ಕಾರ್ನ್‌ವಾಲ್‌ನವರು ತಮ್ಮಲ್ಲಿ ಕೆಲವರಿಗೆ ಇಂಗ್ಲಿಷೇ ಬಾರದೆಂದು ಅದನ್ನು ನಿರಾಕರಿಸಿದರು. ಎರಡು ಭಾಷೆಗಳ ನಡುವೆ ಬೆಳೆಯುತ್ತಿರುವ ನನ್ನ ಮಕ್ಕಳು ಇಲ್ಲಿ ಎರಡೂ ಪಕ್ಷದ ಮಾತನ್ನು ಆಡಬಲ್ಲವರಾಗಿದ್ದರು.

ನನಗೆ ಅತ್ಯಂತ ಪ್ರಿಯವಾದ ಪಾಠ ಕೊನೆಯದು. 1553ರಲ್ಲಿ ಎಡ್ವರ್ಡ್ ಕಾಯಿಲೆ ಬಿದ್ದ. ಹುಟ್ಟಿನಿಂದಲೂ ರೋಗಿಷ್ಠ ಎಂದು ಅವನನ್ನು ಚಿತ್ರಿಸುವುದುಂಟು, ಅದು ತಪ್ಪು. ಕುದುರೆ ಸವಾರಿ, ಬಿಲ್ಲುವಿದ್ಯೆ ಎಲ್ಲದರಲ್ಲೂ ಅವನು ಚುರುಕಾಗಿದ್ದ. ತನ್ನ ನಂತರ ಯಾರು ಎಂಬುದನ್ನು ಅವನು ತನ್ನ ಕೈಯಿಂದಲೇ ಒಂದು ಹಾಳೆಯಲ್ಲಿ ಬರೆದ. ಅಕ್ಕಂದಿರಾದ ಮೇರಿ, ಎಲಿಜಬೆತ್ ಇಬ್ಬರನ್ನೂ ಬಿಟ್ಟು, ಬಂಧುವಾದ ಲೇಡಿ ಜೇನ್ ಗ್ರೇಗೆ ಹುಟ್ಟಬಹುದಾದ ಗಂಡುಮಕ್ಕಳಿಗೆ ಸಿಂಹಾಸನ ಎಂದಿತ್ತು. ಗಂಡುಮಗು ಹುಟ್ಟುವವರೆಗೆ ಕಾಯಲು ಅವನಿಗೆ ಕಾಲವಿರಲಿಲ್ಲ. ಒಂದು ಅಕ್ಷರ ಹೊಡೆದುಹಾಕಿ, ಸಾಲಿನ ಮೇಲೆ ಎರಡು ಪುಟ್ಟ ಪದ ಸೇರಿಸಿದ. ಆ ಹಾಳೆ ಇಂದಿಗೂ ಲಂಡನ್ನಿನ ಇನ್ನರ್ ಟೆಂಪಲ್ ಗ್ರಂಥಾಲಯದಲ್ಲಿದೆ.

ನಾನು ಕಪ್ಪುಹಲಗೆಯ ಮೇಲೆ "ಜೇನಳ ಗಂಡುಮಕ್ಕಳಿಗೆ" ಎಂದು ಬರೆದು, ಅತಿ ಕಡಿಮೆ ಬದಲಾವಣೆಯಲ್ಲಿ ಜೇನಳೇ ರಾಣಿಯಾಗಬೇಕು ಎಂದೆ. ಹತ್ತು ನಿಮಿಷ ಗದ್ದಲ. ಪೂರ್ತಿ ವಾಕ್ಯ ಅಳಿಸಿ ಬರೆದವರಿದ್ದರು. ಕೊನೆಗೆ ಹತ್ತು ವರ್ಷದ ಹುಡುಗಿಯೊಬ್ಬಳು ಬಂದು, "ಜೇನಳ" ಎಂಬುದರ ಪಕ್ಕದಲ್ಲಿ ಒತ್ತಿ ಒತ್ತಿ ಬರೆದು "ಜೇನಳಿಗೂ ಅವಳ ಗಂಡುಮಕ್ಕಳಿಗೂ" ಮಾಡಿದಳು. ವರ್ಷಗಟ್ಟಲೆ ಷಷ್ಠಿ, ಚತುರ್ಥಿ ಎಂದು ನಾನು ಹೇಳಿದ್ದು ತಲೆಗೆ ಹತ್ತಿರಲಿಲ್ಲ. ವಿಭಕ್ತಿ ಬದಲಾದರೆ ದೇಶದ ದೊರೆಯೇ ಬದಲಾಗುತ್ತಾನೆಂದು ಕಂಡ ಮೇಲೆ ಯಾರೂ ಅದನ್ನು ಮರೆಯಲಿಲ್ಲ. ಜುಲೈ 6ರಂದು, ಹದಿನೈದನೆಯ ವಯಸ್ಸಿನಲ್ಲಿ, ಗ್ರೀನಿಚ್‌ನಲ್ಲಿ ಎಡ್ವರ್ಡ್ ತೀರಿಕೊಂಡ. 10ರಂದು ಜೇನ್ ರಾಣಿ ಎಂದು ಸಾರಲಾಯಿತು, 19ರಂದು ಮೇರಿ ರಾಣಿ ಎಂದು.

ಬೇಸಿಗೆ ರಜೆಯಲ್ಲಿ ಆರು ಮಕ್ಕಳನ್ನು ಅವರ ಪಾಲಕರ ಜೊತೆಗೆ ವೆಸ್ಟ್‌ಮಿನ್‌ಸ್ಟರ್ ಅಬ್ಬೆಗೆ ಕರೆದುಕೊಂಡು ಹೋದೆ. ಎಲಿಜಬೆತ್‌ಗೆ ಅಮೃತಶಿಲೆಯ ಭವ್ಯ ಗೋರಿ ಇದೆ. ಎಡ್ವರ್ಡ್‌ಗೆ ನೆಲದಲ್ಲಿ ಒಂದು ಕಲ್ಲಿನ ಹಾಸು ಮಾತ್ರ. ಅದನ್ನೂ 1966ರಲ್ಲಿ ಇರಿಸಿದ್ದು ಅವನ ಕಾಲದಲ್ಲಿ ಬಡಮಕ್ಕಳಿಗಾಗಿ ಶುರುವಾದ ಕ್ರೈಸ್ಟ್ಸ್ ಹಾಸ್ಪಿಟಲ್ ಎಂಬ ಶಾಲೆಯವರು. ಹೇಳಿ ಮುಗಿಸುವಷ್ಟರಲ್ಲಿ ವಿಭಕ್ತಿ ಬದಲಾಯಿಸಿದ ಹುಡುಗಿ ಕಲ್ಲಿನ ಪಕ್ಕದಲ್ಲಿ ಮಂಡಿಯೂರಿ ಕುಳಿತು, ಪುಸ್ತಕ ತೆಗೆದು, 1966ರಿಂದ 1553ನ್ನು ಕಳೆಯುತ್ತಿದ್ದಳು. 413 ಎಂದು ಬರೆದು, ಅದರ ಕೆಳಗೆ ಎರಡು ಗೆರೆ ಎಳೆದಳು.