ಝೆಡ್ ಉಂಗುರವನ್ನು ಕಣ್ಣಾರೆ ನೋಡಬೇಕೆಂದರೆ

ಎಂ.ಎಸ್‌ಸಿ. ವಿದ್ಯಾರ್ಥಿಗಳು ನೋಡಬಯಸುವ ಝೆಡ್ ಉಂಗುರವೆಂದರೆ, ಬ್ಯಾಕ್ಟೀರಿಯಾ ಕೋಶ ಎರಡಾಗುವ ಜಾಗದಲ್ಲಿ ಎಫ್‌ಟಿಎಸ್‌ಝೆಡ್ ಎಂಬ ಪ್ರೋಟೀನು ಕಟ್ಟುವ ಬಳೆ. ಅವರಿಗೆ ನಾನು ಮೊದಲು ಹೇಳುವುದು ಇಷ್ಟೇ: ಹಿಂದಿನ ರಾತ್ರಿಯ ಕಲ್ಚರನ್ನು ನೇರವಾಗಿ ಸ್ಲೈಡಿಗೆ ಹಾಕಬೇಡಿ. ಹಸಿದ ಇ. ಕೋಲೈ ಬ್ಯಾಕ್ಟೀರಿಯಾ ಕುಗ್ಗಿ ಕುಳಿತಿರುತ್ತದೆ, ವಿಭಜನೆಯೂ ಬಹುತೇಕ ನಿಂತಿರುತ್ತದೆ. ಹೊಸ ಮಾಧ್ಯಮದಲ್ಲಿ ನೂರು ಪಟ್ಟು ತೆಳುಮಾಡಿ, 30 ಡಿಗ್ರಿಯಲ್ಲಿ ಅಲುಗಾಡಿಸುತ್ತಾ ಬೆಳೆಸಿ. ದ್ರವ ಸ್ವಲ್ಪ ಮಬ್ಬಾದೊಡನೆ ತೆಗೆಯಿರಿ.

ತಳಿಯಲ್ಲಿ ಹಸಿರಾಗಿ ಹೊಳೆಯುವ ಜಿಎಫ್‌ಪಿ ಅಂಟಿಸಿದ ಎಫ್‌ಟಿಎಸ್‌ಝೆಡ್ ಪ್ರೋಟೀನು ಇರಬೇಕು, ಜೊತೆಗೆ ಸಹಜ ಪ್ರೋಟೀನೂ ಇರಬೇಕು. ಹೊಳೆಯುವ ಪ್ರೋಟೀನನ್ನು ಕೋಶ ತಯಾರಿಸುವಂತೆ ಮಾಡುವ ಪ್ರಚೋದಕವನ್ನು ಕೈ ಬಿಗಿಹಿಡಿದು ಹಾಕಿ. ಬಾಲ ಕಟ್ಟಿಕೊಂಡ ಪ್ರೋಟೀನು ಅಸಲಿಯಷ್ಟು ಚೆನ್ನಾಗಿ ದುಡಿಯುವುದಿಲ್ಲ. ನಾನೊಮ್ಮೆ ಸೊನ್ನೆ ತಪ್ಪಿ ಹತ್ತು ಪಟ್ಟು ಸುರಿದೆ. ಕೋಶಗಳು ವಿಭಜನೆಯಾಗದೆ ಶಾವಿಗೆಯಂತೆ ಉದ್ದವಾದವು.

ಅಗರೋಸ್ ಹಾಸಿನ ಮೇಲೆ ಒಂದು ಹನಿ ಬಿಟ್ಟು, ಅದು ಇಂಗಿದ ಮೇಲೆ ಕವರ್‌ಸ್ಲಿಪ್ ಮುಚ್ಚಿ. ನೂರರ ಎಣ್ಣೆ ಮಸೂರದಲ್ಲಿ ಕೋಶದ ನಟ್ಟನಡುವೆ ಹಸಿರು ಅಡ್ಡಗೆರೆ ಕಾಣಬೇಕು. ಉಂಗುರವೆಲ್ಲಿ ಎಂದು ಪ್ರತಿವರ್ಷ ಯಾರಾದರೂ ಕೇಳುತ್ತಾರೆ. ಬಳೆಯನ್ನು ಅಂಚಿನಿಂದ ನೋಡಿದರೆ ಕಾಣುವುದು ಗೆರೆಯೇ!

ನಡುವೆಯೇ ಏಕೆ? ಮಿನ್‌ಡಿ ಎಂಬ ಪ್ರೋಟೀನು ಕೋಶಪೊರೆಗೆ ಅಂಟಿಕೊಂಡು ಮಿನ್‌ಸಿ ಎಂಬ ಇನ್ನೊಂದು ಪ್ರೋಟೀನನ್ನು ಕರೆತರುತ್ತದೆ. ಮಿನ್‌ಸಿ ಉಂಗುರ ಕಟ್ಟಲು ಬಿಡುವುದಿಲ್ಲ. ಮಿನ್‌ಇ ಇವನ್ನು ಪೊರೆಯಿಂದ ಎಬ್ಬಿಸಿ ಓಡಿಸುತ್ತದೆ. ಹೀಗೆ ಸುಮಾರು ಒಂದು ನಿಮಿಷಕ್ಕೊಮ್ಮೆ ತುದಿಯಿಂದ ತುದಿಗೆ ಅಲೆದಾಟ. ಕಾವಲು ಅತಿ ಕಡಿಮೆ ಇರುವುದು ನಡುವಿನಲ್ಲಿ. ಡಿಎನ್‌ಎ ಮೇಲೆ ಉಂಗುರ ಬೀಳದಂತೆ ಎಸ್‌ಎಲ್‌ಎಂಎ ಎಂಬ ಪ್ರೋಟೀನು ನೋಡಿಕೊಳ್ಳುತ್ತದೆ.

ನಂಬಿಕೆ ಬಾರದಿದ್ದರೆ ಮಿನ್ ವಂಶವಾಹಿಗಳಿಲ್ಲದ ತಳಿಯನ್ನು ಪಕ್ಕದಲ್ಲಿಟ್ಟು, ಡಿಎನ್‌ಎಯನ್ನು ನೀಲಿಯಾಗಿ ಹೊಳೆಯಿಸುವ ಡಾಪಿ ಬಣ್ಣ ಹಾಕಿ ನೋಡಿ. ತುದಿಗಳಲ್ಲಿ ತುಂಡಾಗಿ ಬಿದ್ದ ಪುಟ್ಟ ಕೋಶಗಳಲ್ಲಿ ನೀಲಿ ಹೊಳಪೇ ಇರುವುದಿಲ್ಲ.