ಬಸುರಿಯ ಉಸಿರು, ಮಗುವಿನ ಮಿದುಳು: ಸಂಜೆಯ 20 ನಿಮಿಷದ ಅಭ್ಯಾಸ

ಮಗು ಚುರುಕಾಗಲೆಂದು ಹೊಟ್ಟೆಯ ಮೇಲೆ ಹೆಡ್‌ಫೋನ್ ಇಡುವುದು ಬೇಡ. ಹಾಗೆ ಒತ್ತಿಟ್ಟರೆ ಒಳಗೆ ಎಷ್ಟು ಜೋರಾಗಿ ಕೇಳಿಸುತ್ತದೆಂದು ಅಳೆಯಲು ಮನೆಯಲ್ಲಿ ದಾರಿಯಿಲ್ಲ. ಮೊಜಾರ್ಟ್ ಸಂಗೀತ ಬುದ್ಧಿ ಬೆಳೆಸುತ್ತದೆಂಬ ಮಾತಿಗೆ ಮೂಲವಾದ 1993ರ ಪ್ರಯೋಗ ನಡೆದದ್ದು ಕಾಲೇಜು ವಿದ್ಯಾರ್ಥಿಗಳ ಮೇಲೆ. ಹೊಟ್ಟೆಯಲ್ಲಿರುವ ಮಗುವಿಗೆ ಬೇಕಾದದ್ದು ತಾಯಿಯ ನೆಮ್ಮದಿ.

ಒತ್ತಡವಾದಾಗ ತಾಯಿಯ ರಕ್ತದಲ್ಲಿ ಕಾರ್ಟಿಸೋಲ್ ಎಂಬ ಹಾರ್ಮೋನು ಏರುತ್ತದೆ. ಅದರ ಬಹುಪಾಲನ್ನು ಮಾಸು ತಡೆದು ನಿಷ್ಕ್ರಿಯಗೊಳಿಸುತ್ತದೆ. ಆದ್ದರಿಂದ ಒಂದು ದಿನದ ಜಗಳ, ಒಂದು ರಾತ್ರಿಯ ಅಳು ಮಗುವಿಗೆ ಕೇಡು ಮಾಡೀತೆಂದು ಹೆದರಬೇಡಿ. ತಿಂಗಳುಗಟ್ಟಲೆ ಕಾಡುವ ಆತಂಕ, ಮನೆಯೊಳಗಿನ ಹಿಂಸೆ ಬೇರೆ ಮಾತು. ದಿನ ತುಂಬುವ ಮೊದಲೇ ಹೆರಿಗೆಯಾಗುವುದಕ್ಕೂ ಅದಕ್ಕೂ ನಂಟಿದೆ.

ಸಂಜೆಯ ಅಭ್ಯಾಸಕ್ಕೆ ತಿಂದು ಎರಡು ಗಂಟೆಯಾದ ಮೇಲೆ ಕೂರಿ, ಇಲ್ಲವಾದರೆ ಎದೆಯುರಿ ಬರಬಹುದು. ಬೆನ್ನು ಗೋಡೆಗೆ, ಸೊಂಟದ ಹಿಂದೆ ದಿಂಬು. ನೆಲದ ಮೇಲೆ ಆಗದಿದ್ದರೆ ಕುರ್ಚಿ ಸಾಕು. ಅಂಗೈಗಳನ್ನು ಪಕ್ಕೆಲುಬಿನ ಮೇಲಿಟ್ಟು, ಮೂಗಿನಿಂದ 4 ಎಣಿಸುವಷ್ಟು ಹೊತ್ತು ಒಳಗೆ, 6 ಎಣಿಸುವಷ್ಟು ಹೊತ್ತು ಹೊರಗೆ. ಹೀಗೆ 5 ನಿಮಿಷ. ಏಳನೇ ತಿಂಗಳ ನಂತರ ಹೊಟ್ಟೆ ಉಬ್ಬಿಸಲು ಜಾಗವಿರುವುದಿಲ್ಲ; ಪಕ್ಕೆ ಅಗಲವಾದರೆ ಸರಿ. ಏದುಸಿರು ಬಂದರೆ 3 ಮತ್ತು 4ಕ್ಕೆ ಇಳಿಸಿ.

ತಲೆ ಹಗುರಾಗಿ ಬೆರಳ ತುದಿ ಜುಮ್ಮೆಂದರೆ ಉಸಿರನ್ನು ಜೋರಾಗಿ, ಬೇಗ ಎಳೆಯುತ್ತಿದ್ದೀರಿ ಎಂದರ್ಥ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದಾಗ ಹಾಗಾಗುತ್ತದೆ. ನಿಲ್ಲಿಸಿ, ಸಹಜವಾಗಿ ಉಸಿರಾಡಿ. ಉಸಿರು ಕಟ್ಟುವ ಕುಂಭಕ, ಹೊಟ್ಟೆ ಎಳೆಯುವ ಕಪಾಲಭಾತಿ, ರಭಸದಿಂದ ಉಸಿರಾಡುವ ಭಸ್ತ್ರಿಕಾ ಒಂಬತ್ತು ತಿಂಗಳೂ ಬೇಡವೇ ಬೇಡ.

ಬಳಿಕ ಭ್ರಾಮರಿ, 7 ಸಲ. ತುಟಿ ಮುಚ್ಚಿ, ಹಲ್ಲು ಬಿಡಿಸಿ, ಉಸಿರು ಮುಗಿಯುವವರೆಗೆ ದುಂಬಿಯಂತೆ ಮೆಲ್ಲಗೆ ಗುಂಯ್‌ಗುಟ್ಟಿ. ಆರು ತಿಂಗಳು ಕಳೆದ ಮಗುವಿಗೆ ನಿಮ್ಮ ದನಿ ಕೇಳುತ್ತದೆ. ಜೋಗುಳ ಬಂದರೆ ಅದನ್ನೇ ಹಾಡಿ; ಅಪ್ಪನೂ ಪಕ್ಕದಲ್ಲಿ ಕೂತು ಮಾತಾಡಲಿ.

ಉಳಿದ 10 ನಿಮಿಷ ಯೋಗನಿದ್ರೆ. ಎಡಮಗ್ಗುಲಿಗೆ ಮಲಗಿ, ಮಂಡಿಗಳ ನಡುವೆ ಒಂದು ದಿಂಬು, ಹೊಟ್ಟೆಯ ಕೆಳಗೆ ಮಡಿಸಿದ ಸೀರೆ. 20 ವಾರದ ನಂತರ ಅಂಗಾತ ಮಲಗಿದರೆ ಗರ್ಭಕೋಶದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ರಕ್ತ ಹೃದಯಕ್ಕೆ ಹಿಂತಿರುಗುವುದು ಕಡಿಮೆಯಾಗುತ್ತದೆ, ತಲೆ ಸುತ್ತಬಹುದು. ಅಂಗಾಲಿನಿಂದ ನೆತ್ತಿಯವರೆಗೆ ಒಂದೊಂದೇ ಅಂಗವನ್ನು ಸಡಿಲ ಬಿಡಿ. ನಿದ್ದೆ ಬಂದರೆ ಬರಲಿ.

ಮನೆಯವರಿಗೂ ಒಂದು ಮಾತು: ಉಸಿರಾಟ ಹೇಳಿಕೊಟ್ಟು, ನಸುಕಿನ ರೊಟ್ಟಿ, ನೀರು, ಪಾತ್ರೆ ಎಲ್ಲವನ್ನೂ ಅವಳ ಮೇಲೆಯೇ ಬಿಟ್ಟರೆ ಈ 20 ನಿಮಿಷದಿಂದ ಏನೂ ಆಗದು. ಅವಳಿಗೆ ರಾತ್ರಿ ಏಳೆಂಟು ಗಂಟೆ ನಿದ್ದೆ ಸಿಗಬೇಕು.

ನೆಮ್ಮದಿಯ ಜೊತೆಗೆ ಮಿದುಳಿಗೆ ಪೋಷಣೆಯೂ ಬೇಕು. ಮುಂದೆ ಮಗುವಿನ ಮಿದುಳು, ಬೆನ್ನುಹುರಿಯಾಗುವ ನರನಾಳ ಮುಚ್ಚುವುದು ಗರ್ಭ ನಿಂತ 28 ದಿನದೊಳಗೆ. ಅದಕ್ಕೇ ಫೋಲಿಕ್ ಆಮ್ಲದ ಮಾತ್ರೆಯನ್ನು ಬಸುರಿಗೆ ಮುಂಚೆಯೇ ಶುರುಮಾಡಬೇಕು. ಅಡುಗೆಗೆ ಅಯೋಡಿನ್ ಉಪ್ಪು. ವೈದ್ಯರು ಹೇಳಿದ ಕಬ್ಬಿಣದ ಮಾತ್ರೆ ತಪ್ಪಿಸಬೇಡಿ.

ಎರಡು ವಾರವಾದರೂ ಅಳು, ಭಯ, ನಿದ್ರಾಹೀನತೆ ಬಿಡದಿದ್ದರೆ ಆಶಾ ಕಾರ್ಯಕರ್ತೆಗೋ ವೈದ್ಯರಿಗೋ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ಕರೆ ಉಚಿತ. ಸಾಯಬೇಕೆನ್ನಿಸಿದರೆ ಎರಡು ವಾರ ಕಾಯುವುದಲ್ಲ, ಆಗಲೇ ಹೇಳಬೇಕು. ಮಗುವಿನ ಒದೆತ ಕಡಿಮೆಯಾಗಿದೆ ಅನ್ನಿಸಿದ ದಿನ ಅಭ್ಯಾಸಕ್ಕೆ ಕೂರದೆ ನೇರ ಆಸ್ಪತ್ರೆಗೆ ಹೋಗಿ.